ಕೊಕ್ಕರೆ ಪೈಪಿನ ಹನಿ

ನಮ್ಮ ಶೆಡ್ಡಿನಿಂದ,
ಶುಕ್ರವಾರ, ಬೆಳಗಿನ ಟೀ ಆದಮೇಲೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆಷ್ಟು ಸಲ ಹತ್ತಿಳಿಯುತ್ತಿದ್ದೀಯೋ, ಬೇಡವೆಂದರೆ ಕೇಳುವವಳಲ್ಲ ನೀನು. ಅಕ್ಕನ ಕಾಲಿನ ಊತ ಇಳಿಯಿತಾ? ಹೆರಿಗೆಯವರೆಗೂ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದಾರಲ್ಲ, ಮಾತು ಕೇಳುತ್ತಿದ್ದಾಳಾ, ಅಥವಾ ಎಷ್ಟಾದರೂ ನಿನ್ನ ಮಗಳು ಎಂದು ಎದ್ದು ಓಡಾಡುತ್ತಿದ್ದಾಳಾ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಅಡುಗೆ ಮಾಡುತ್ತಾರೆ, ನಾನು ತಿನ್ನುತ್ತೇನೆ, ಅದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ. ಕುಶಲ ವಿಚಾರಿಸಿದ್ದಾಯಿತು. ಈಗ ಕೂತುಕೋ, ನಿಂತು ಓದಬೇಡ.

ಅಮ್ಮಾ, ಡೀಸೆಲ್ ಪಂಪು ಕೂತಿತು! ಗಡಿಬಿಡಿ ಮಾಮನ ಲಾರಿ ಸ್ಟಾರ್ಟ್ ಆಯಿತು! ಕೂರಿಸಿದ್ದು ನಾನು! ಈ ಪತ್ರ ನಿನ್ನ ಕೈಗೆ ಕೊಟ್ಟರಲ್ಲ ಮಾಮ, ಅವರು ಬಂದದ್ದು ಅದೇ ಲಾರಿಯಲ್ಲಿ. ನಂಬಿಕೆ ಬರದಿದ್ದರೆ ಇದನ್ನು ಮಡಚಿಟ್ಟು ಬಾಗಿಲಿಗೆ ಹೋಗಿ ಎಂಜಿನ್ ಕೇಳಿ ಬಾ. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಾನು ಪಂಪು ಅನ್ನುವಷ್ಟರಲ್ಲೇ ನೀನು ಬೈಯಲು ಶುರು ಮಾಡುತ್ತೀಯ. ಪತ್ರಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ ನೋಡು.

ಹೊರಡುವಾಗ ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ರಿಪೇರಿಗೆ ಹೋದ ಪಂಪು ಬಂದ್ರೆ ಮೂಲೇಲಿ ಇಟ್ಟಿರು. ನಾನ್ ಬರೋ ತನಕ ಯಾರೂ ಮುಟ್ಕೂಡ್ದು. ಟೈಮಿಂಗ್ ಅಂದ್ರೆ ಹುಡುಗಾಟ ಅಲ್ಲ." ಮೂಲೆಯಲ್ಲೇ ಇಟ್ಟಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಗಡಿಬಿಡಿ ಮಾಮ ಬಿಡಬೇಕಲ್ಲ! ಪಂಪಿಲ್ಲದ ಲಾರಿಯ ಸುತ್ತ ಪ್ರದಕ್ಷಿಣೆ ಹಾಕಿದರು, ನನ್ನ ತಲೆ ತಿಂದರು, ಅದು ಸಾಲದೆ ನಿನಗೇ ಫೋನ್ ಹಚ್ಚಿದರು. ನೀನೋ, ಹಿಂದೆ ಮುಂದೆ ನೋಡದೆ ಭಾನುವಾರದ ಬಸ್ಸಿಗೆ ಬರುತ್ತೇನೆ ಎಂದುಬಿಟ್ಟೆ. ಅಕ್ಕನನ್ನು ಆ ಸ್ಥಿತಿಯಲ್ಲಿ ಬಿಟ್ಟು, ಒಂದು ಲಾರಿಗೋಸ್ಕರ! ಪಂಪು ಕೂತರೆ ನೀನು ಬರಬೇಕಾಗಿಲ್ಲ, ಕೂರದಿದ್ದರೆ ಬಂದೇ ಬರುತ್ತೀಯ. ಅದಕ್ಕೇ ನಿನ್ನೆ ಕೈ ಹಾಕಿದೆ.

ಅಪ್ಪನಿಗೆ ಹೇಳಿದಾಗ ಲಾರಿ ಸೀಟು ಹೊಲಿಯುತ್ತಿದ್ದವರು ಸೂಜಿಯನ್ನು ಅಲ್ಲೇ ಬಿಟ್ಟು, "ಅಮ್ಮಂಗೆ ಗೊತ್ತಾದ್ರೆ ಇಬ್ರಿಗೂ ಇದೆ" ಅಂದರು, ಅಂದುಕೊಂಡೇ ತೋಳು ಮಡಚಿದರು. ಎಂಜಿನ್ ತಿರುಗಿಸುವ ಕೆಲಸ ಅವರಿಗೆ. ನಾನು ನಿನ್ನ ಪಾಠವನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ: ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಡೀಸೆಲ್ ಬೀಳಬೇಕು, ತೀರಾ ಬೇಗ ಬಿದ್ದರೆ ಎಂಜಿನ್ ಬಡಿದುಕೊಳ್ಳುತ್ತದೆ, ತಡವಾದರೆ ಬಿಳಿ ಹೊಗೆ ಬಿಡುತ್ತಾ ಏದುತ್ತದೆ. ಎಂಜಿನ್ ಚಕ್ರದ ಗುರುತು ಮುಳ್ಳಿನ ಎದುರಿಗೆ ಬಂದಾಗ ಅಪ್ಪ ನಿಲ್ಲಿಸಿದರು. ಪಂಪು ಕೂರಿಸಿ, ಅದರ ಮೊದಲನೇ ಬಾಯಿಗೆ ನಿನ್ನ ಕೊಕ್ಕರೆ ಪೈಪು ಸಿಕ್ಕಿಸಿ, ಮೇಲೆ ನೇತುಹಾಕಿದ ಡಬ್ಬಿಯಿಂದ ಡೀಸೆಲ್ ಬಿಟ್ಟೆ. ಬಗ್ಗಿದ ಆ ಕತ್ತಿನಿಂದ ಧಾರೆ ಬಂತು. ಪಂಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೊರಳಿಸಿದೆ. ಧಾರೆ ಸಣ್ಣಗಾಯಿತು, ಹನಿಯಾಯಿತು, ಕೊನೆಗೆ ಒಂದು ಹನಿ ತುದಿಯಲ್ಲೇ ನೇತಾಡಿ ಬೀಳದೆ ನಿಂತಿತು. ಪಂಪು ಡೀಸೆಲ್ ಒತ್ತಲು ತೊಡಗುವ ಜಾಗ ಅದೇ ತಾನೇ, ಅಲ್ಲೇ ಬೋಲ್ಟು ಬಿಗಿದೆ. ಅಪ್ಪ "ಈಗ ಉಸಿರು ಬಿಡ್ಬಹುದಾ?" ಎಂದು ಕೇಳಿದರು.

ಪೈಪುಗಳನ್ನೆಲ್ಲ ಜೋಡಿಸಿ, ಒಳಗೆ ಸಿಕ್ಕಿದ್ದ ಗಾಳಿ ತೆಗೆದು, ಕೀ ತಿರುಗಿಸಿದರೆ ಏನಾಗಬೇಕು? ಎಂಜಿನ್ ಕೆಮ್ಮಿತು, ಶೆಡ್ ತುಂಬ ಬಿಳಿ ಹೊಗೆ ಉಗುಳಿತು, ಅಷ್ಟೇ. ಇನ್ನೊಂದು ಸಲ ಕೊಟ್ಟೆ. ಮತ್ತೆ ಕೆಮ್ಮು. ಮಾಮ ಹೊಗೆಯೊಳಗಿಂದ ಪ್ರತ್ಯಕ್ಷವಾಗಿ, "ನಾನ್ ಆಗ್ಲೇ ಹೇಳ್ಲಿಲ್ವಾ, ಅಮ್ಮನೇ ಬರ್ಬೇಕು" ಎಂದು ಜೇಬಿನಿಂದ ಫೋನ್ ತೆಗೆದೇಬಿಟ್ಟರು. ಅಪ್ಪ ಅವರನ್ನು ಟೀ ಕುಡಿಸುವ ನೆಪದಲ್ಲಿ ಹೊರಗೆ ಎಳೆದುಕೊಂಡು ಹೋದರು. ನಾನು ಸೀಟಿನ ಸ್ಪಂಜುಗಳ ಹಿಂದೆ ಕೂತು ಅತ್ತೆ ಅಮ್ಮಾ, ಸುಳ್ಳು ಯಾಕೆ ಹೇಳಲಿ.

ಅಳುತ್ತಾ ಅಳುತ್ತಲೇ ನಿನ್ನ ಕೈ ನೆನಪಾಯಿತು. ಇಷ್ಟು ವರ್ಷ ನಾನು ಬ್ಯಾಟರಿ ಬೆಳಕು ಬಿಟ್ಟದ್ದು ಆ ಕೈಯ ಮೇಲೆ ತಾನೇ! ಪೈಪು ಸಿಕ್ಕಿಸುವ ಮೊದಲು ನೀನು ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಮೊದಲನೇ ಸಿಲಿಂಡರಿನ ವಾಲ್ವು ಒತ್ತುವ ಎರಡೂ ರಾಕರುಗಳನ್ನು ಬೆರಳಿನಿಂದ ಅಲ್ಲಾಡಿಸುತ್ತೀಯ, ಮಗುವಿನ ಹಲ್ಲು ಸಡಿಲವಾಗಿದೆಯಾ ಎಂದು ನೋಡುವ ಹಾಗೆ. ಅಪ್ಪ ಸೂಜಿಯನ್ನು ತಲೆಗೆ ಉಜ್ಜಿಕೊಳ್ಳುವಂತೆ ಅದೂ ಒಂದು ಚಾಳಿ ಎಂದೇ ನಾನು ತಿಳಿದಿದ್ದೆ. ಚಾಳಿ ಅಲ್ಲ! ಗುರುತು ಎರಡು ಸಲ ಬರುತ್ತದೆ! ಒಂದು ಸಲ ವಾಲ್ವುಗಳೆರಡೂ ಮುಚ್ಚಿ, ರಾಕರು ಸಡಿಲವಾಗಿ, ಒಳಗೆ ಗಾಳಿ ಒತ್ತಿಕೊಂಡಿರುವಾಗ, ಇನ್ನೊಂದು ಸಲ ಸುಟ್ಟ ಹೊಗೆ ಹೊರಗೆ ಹೋಗುವಾಗ. ನಾನು ಹಿಡಿದದ್ದು ಎರಡನೆಯದನ್ನು. ಊಟ ಮುಗಿಸಿ ಕೈ ತೊಳೆಯಲು ಎದ್ದವರ ತಟ್ಟೆಗೆ ಬಡಿಸಿದ್ದೆ.

ಓಡಿಹೋಗಿ ಮುಚ್ಚಳ ತೆಗೆದರೆ ರಾಕರುಗಳು ಬಿಗಿಯಾಗಿ ಕೂತಿದ್ದವು. ಅಪ್ಪನನ್ನು ಕೂಗಿ ಕರೆದು ಪೂರ್ತಿ ಒಂದು ಸುತ್ತು ತಿರುಗಿಸಲು ಹೇಳಿದೆ. ಗುರುತು ಮತ್ತೆ ಬಂತು, ಬೆರಳಿಟ್ಟೆ, ಎರಡೂ ಲೊಟಲೊಟ ಅಲ್ಲಾಡಿದವು! "ಅಪ್ಪಾ, ಸಡಿಲ ಇದೆ!" ಎಂದು ಕಿರುಚಿದೆ. ಏನೋ ಮುರಿಯಿತು ಎಂದುಕೊಂಡು ಪಾಪ ಅವರು ಹೆದರಿಬಿಟ್ಟರು. ಪಂಪು ಬಿಚ್ಚಿ ಮತ್ತೆ ಕೂರಿಸಿ, ಹನಿ ನಿಲ್ಲಿಸಿ, ಬೋಲ್ಟು ಬಿಗಿದು, ಕೀ ತಿರುಗಿಸಿದೆ. ಕೊಟ್ಟ ಮೊದಲ ಸಲಕ್ಕೇ ಹಿಡಿಯಿತು! ಸ್ವಲ್ಪ ಕಟಕಟ ಅನ್ನುತ್ತಿತ್ತು, ನಿಲ್ಲಿಸಿ ಇನ್ನೊಂದು ಕೂದಲೆಳೆ ತಡ ಮಾಡಿದೆ. ಆಮೇಲೆ ಬಂತು ನೋಡು ಆ ಶಬ್ದ, ಯಾವ ಶಬ್ದ ಬಂದರೆ ನಿನ್ನ ಹುಬ್ಬಿನ ಗಂಟು ಬಿಡುತ್ತದೋ ಅದು. ಲೋಡು ಹಾಕಿ ಆಸ್ಪತ್ರೆ ಪಕ್ಕದ ಏರು ಹತ್ತಿಸಿದೆವು, ಕೆಳಗಿನ ಗೇರಿನ ಹಂಗಿಲ್ಲದೆ ಏರಿತು. ಮೇಲೆ ಹೋದಮೇಲೆ ಮಾಮ ಕೆಳಗಿಳಿದು ಲಾರಿಯ ಮುಂದೆ ನಿಂತು ಕೈ ಮುಗಿದರು. ಅಪ್ಪ ಸಂಜೆಯೆಲ್ಲ ದಾರಿಯಲ್ಲಿ ಸಿಕ್ಕವರಿಗೆ "ನಾವು ಪಂಪು ಕೂರಿಸಿದ್ವಿ" ಎಂದು ಹೇಳಿಕೊಂಡು ಓಡಾಡಿದರು. ಆ "ನಾವು" ಅನ್ನು ನಾನು ಕ್ಷಮಿಸಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಅಕ್ಕನ ಹೊಟ್ಟೆಯ ಹತ್ತಿರ ಬಗ್ಗಿ, ನಿನ್ನ ಚಿಕ್ಕಮ್ಮ ಪಂಪು ಕೂರಿಸಿದಳು ಎಂದು ಜೋರಾಗಿ ಹೇಳು, ಒಳಗಿರುವವರಿಗೂ ಕೇಳಿಸಲಿ. ನಿನಗೆ ಅಪ್ಪನ ನೆನಪುಗಳು, ನನ್ನ ಎಣ್ಣೆಗೈಯ ಅಪ್ಪುಗೆ.

ನಿನ್ನ
ಚೋಟು

ತಾ.ಕ.: ಮಾಮ ಹಾರನ್ ಹೊಡೆಯುತ್ತಿದ್ದಾರೆ, ಗೀಚಿಬಿಡುತ್ತೇನೆ. ಬುಧವಾರ ನೀನು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ನನಗೆ ಫೋನ್ ಮಾಡಿದ್ದಳು. ನಿನ್ನೆದುರಿಗೆ "ಹೋಗಮ್ಮ, ನಂಗೇನಾಗಿದೆ" ಅನ್ನುತ್ತಾಳಲ್ಲ, ನನ್ನ ಹತ್ತಿರ ಅತ್ತಳು. "ಭಯ ಆಗ್ತಿದೆ ಕಣೇ. ಅಮ್ಮ ಪಕ್ಕದಲ್ಲಿ ಇಲ್ದೆ ನನ್ ಕೈಲಿ ಆಗಲ್ಲ. ಆದ್ರೆ ಹೇಳ್ಬೇಡ, ಅಲ್ಲಿ ಲಾರಿ ನಿಂತಿದೆ" ಅಂದಳು. ಈಗ ಲಾರಿ ನಿಂತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹೇಗೂ ವಾಪಸ್ ಖಾಲಿ ಬರುತ್ತೇನೆ, ಅಮ್ಮನನ್ನೂ ಕೂರಿಸಿಕೊಂಡು ಬರಲಾ ಎಂದು ಮಾಮ ಕೇಳಿದರು. ಬೇಡ ಅಂದಿದ್ದೇನೆ. ಇದನ್ನು ಓದಿದೆ ಎಂದು ಅಕ್ಕನಿಗೆ ತೋರಿಸಿಕೊಳ್ಳಬೇಡ. ಸುಮ್ಮನೆ ಹೋಗಿ ಅವಳ ಮಂಚದ ಮೇಲೆ ಕೂತುಕೊಂಡು, ಮಗು ಬರುವ ತನಕ ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳು.