‘ಬರೀ’ ಎಂಬ ಪದದ ಬಗ್ಗೆ ಔಷಧ ಪರವಾನಗಿ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಸಮಯ ಅಮೂಲ್ಯ. ಆದ್ದರಿಂದ ಸಂಗತಿಗಳನ್ನು ಮೊದಲೇ ಕ್ರಮವಾಗಿ ಇಡುತ್ತೇನೆ.

೧. ಪುಣೆಯ ಸಾಸವಡ ರಸ್ತೆಯ ನಮ್ಮ ಆರೈಕೆ ಮನೆಯಲ್ಲಿ ಹನ್ನೆರಡು ಹಾಸಿಗೆಗಳಿವೆ. ಕ್ಯಾನ್ಸರ್ ಇನ್ನು ಗುಣವಾಗದು ಎನಿಸಿಕೊಂಡವರು ಕೊನೆಯ ದಿನಗಳಿಗೆ ಇಲ್ಲಿ ಬರುತ್ತಾರೆ.

೨. ಅವರ ನೋವಿಗೆ ಮಾರ್ಫಿನ್ ಮಾತ್ರೆ ಬೇಕು. ಅದನ್ನು ಇಟ್ಟುಕೊಳ್ಳಲು ಪ್ರತಿ ವರ್ಷ ತಮ್ಮ ಸಹಿ ಬೇಕು.

೩. ೨೦೦೩ರ ಜೂನ್ ಹತ್ತರಂದು ತಾವು ತಪಾಸಣೆಗೆ ಬಂದು, ಹನ್ನೊಂದು ನಿಮಿಷ ಇದ್ದು, ಅನುಮತಿ ನಿರಾಕರಿಸಿದಿರಿ.

೪. ಇಂದು ನಮ್ಮಲ್ಲಿ ಆರು ದಿನಕ್ಕಾಗುವಷ್ಟು ಮಾತ್ರೆಗಳಿವೆ.

ನಿರಾಕರಣೆಗೆ ತಮ್ಮ ಲಿಖಿತ ಕಾರಣ: “ತಾನು ಬರೀ ಇರುವುದಾಗಿ ರೋಗಿಯೇ ಹೇಳಿದ್ದಾಳೆ.” ಮರಾಠಿಯಲ್ಲಿ ಬರೀ ಎಂದರೆ ಆರಾಮಾಗಿರುವವಳು. ಆ ರೋಗಿ ಬಸವಣ್ಣೆವ್ವ, ಇಂದಾಪುರದ ಮಗಳ ಮನೆಯಿಂದ ಬಂದವರು. ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದೆ. ಮರಾಠಿ ಬಾರದು.

ತಾವು ಹಾಸಿಗೆಯ ಬಳಿ ನಿಂತು, “ಬರೀ ಆಹೇಸ ನಾ, ಆಜೀ?”, ಆರಾಮಾಗಿದ್ದೀಯಲ್ಲ ಅಜ್ಜಿ, ಎಂದಿರಿ. ಅದರಲ್ಲಿ ಅವರಿಗೆ ಪರಿಚಿತವೆನಿಸಿದ್ದು ಒಂದೇ ಪದ.

“ಬರೀ ಬ್ಯಾನಿರೀ ಸಾಹೇಬ್ರ, ಬರೀ ಬ್ಯಾನಿ. ಭಾಳ ಅದ” ಎಂದರು.

ಬ್ಯಾನಿ ಎಂದರೆ ನೋವು. ಕನ್ನಡದ ಬರೀ ಎಂದರೆ, ಅದರ ಹೊರತು ಬೇರೇನೂ ಇಲ್ಲ. ನಮ್ಮ ಸ್ವಯಂಸೇವಕಿ ಉಮಾವತಿ ಮರಾಠಿಯಲ್ಲಿ ಅರ್ಥ ಹೇಳಲು ಬಾಯಿ ತೆರೆದಾಗ ತಾವು ಕೈಯೆತ್ತಿ, “ತಿಲಾ ಬೋಲೂ ದ್ಯಾ”, ಅವಳೇ ಮಾತಾಡಲಿ, ಎಂದಿರಿ. ರೋಗಿಯ ಮಾತಿಗೆ ಇಷ್ಟು ಗೌರವ ಕೊಡುವ ಅಧಿಕಾರಿಯನ್ನು ನಾನು ಕಂಡಿರಲಿಲ್ಲ. ಉಳಿದ ಹನ್ನೊಂದು ಜನರನ್ನು ಕೇಳುವ ಅಗತ್ಯವೂ ತಮಗೆ ಬೀಳಲಿಲ್ಲ. ನಗುತ್ತ ಬರೆದುಕೊಂಡು ಹೊರಟಿರಿ.

“ಯಾರ್ರೀ ಅವ್ರು? ನನ್ನ ಬ್ಯಾನಿ ಕೇಳಿ ಭಾಳ ಖುಷಿ ಆದ್ರಲ್ಲ!” ಎಂದರು ಬಸವಣ್ಣೆವ್ವ.

ನಾನು ತಳೇಗಾಂವದ ಕಾರ್ಖಾನೆಯೊಂದರಲ್ಲಿ ಅಳತೆ ತೋರಿಸುವ ಗೇಜುಗಳನ್ನು ಪರೀಕ್ಷಿಸುವ ಎಂಜಿನಿಯರ್; ಆರೈಕೆ ಮನೆಯನ್ನು ಸಂಬಳವಿಲ್ಲದೆ ನಡೆಸಿಕೊಂಡು ಬಂದವನು. ತಪ್ಪು ತೋರಿಸುವ ಗೇಜು ನನಗೆ ಹೊಸದಲ್ಲ. ಮೂರು ಸಲ ತಿದ್ದಿದರೂ ಅದೇ ಅಂಕಿಗೆ ನಿಂತು, ತಿದ್ದಿದವನ ಮೇಲೇ ವಿಚಾರಣೆ ಕೇಳುವ ಗೇಜು ಮಾತ್ರ ಹೊಸದು. ನನ್ನ ಮೂರು ಪತ್ರಗಳಿಗೆ ತಮ್ಮ ಒಂದೇ ಉತ್ತರ: ಸಂಬಳವಿಲ್ಲದವನೊಬ್ಬ ಹದಿನಾಲ್ಕು ವರ್ಷ ಸಂಸ್ಥೆಯ ಮುಖ್ಯಸ್ಥನಾಗಿರುವುದು ಸಂಶಯಾಸ್ಪದ, ಆತ ಇರುವವರೆಗೆ ಮರುಪರಿಶೀಲನೆ ಇಲ್ಲ. ಹಾಗಾದರೆ ಆ ವರ್ಷಗಳಲ್ಲಿ ಇಲ್ಲಿ ಗಳಿಸಿದ್ದನ್ನು ಒಪ್ಪಿಕೊಂಡುಬಿಡುತ್ತೇನೆ. ನೋಯುವ ಮೈಯನ್ನು ಮಗ್ಗುಲು ಬದಲಿಸಲು ಕಲಿತೆ. ನೋವೆಷ್ಟು ಎಂದು ಕೇಳಿದವನು ಉತ್ತರ ಮುಗಿಯುವವರೆಗೆ ನಿಲ್ಲಬೇಕೆಂದು ಕಲಿತೆ. ಇದನ್ನು ಕಲಿಯಲು ತಮ್ಮ ಇಲಾಖೆಯಲ್ಲಿ ಎಷ್ಟು ವರ್ಷದ ಸೇವೆ ಬೇಕಾಗುತ್ತದೆ?

ಈ ಪತ್ರದ ಮರಾಠಿ ಪ್ರತಿ ತಮ್ಮ ಮೇಜಿನ ಮೇಲಿದೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ಆ ಪದ ಬಲ್ಲ ಪುಣೆಯ ಜನ ಸಾಕ್ಷಿಯಾಗಲೆಂದು. ಅವರಲ್ಲಿ ಯಾರನ್ನಾದರೂ ಜೊತೆಗೆ ಕರೆತಂದು ಬಸವಣ್ಣೆವ್ವನವರನ್ನು ತಾವು ಮತ್ತೊಮ್ಮೆ ಕೇಳಬೇಕು. ಈ ವಾರವೇ ಅನುಮತಿಗೆ ಸಹಿ ಹಾಕಬೇಕು. ನಾನೇ ಅಡ್ಡಿ ಎಂಬ ನೆಪವೂ ಈಗ ಉಳಿದಿಲ್ಲ. ಮುಖ್ಯಸ್ಥರ ಜಾಗದಲ್ಲಿ ಉಮಾವತಿ ಇದ್ದಾರೆ. ಸಂಬಳ ಅವರಿಗೂ ಇಲ್ಲ, ಆದರೆ ಹದಿನಾಲ್ಕು ವರ್ಷವಂತೂ ಆಗಿಲ್ಲ. ತಮ್ಮ ಸಂಶಯ ನ್ಯಾಯವೆಂದು ನಾನು ಒಪ್ಪಿಲ್ಲ. ವಾದ ಮುಗಿಯುವವರೆಗೆ ಕಾಯುವ ಶಕ್ತಿ ಬಸವಣ್ಣೆವ್ವನವರಿಗಿಲ್ಲ, ಅಷ್ಟೆ.

ನಿನ್ನೆ ರಾಜೀನಾಮೆ ಕೊಟ್ಟಿದ್ದೇನೆ.

ಇಂತಿ,
ತಮ್ಮ ಕಡತದಿಂದ ನಿಶ್ಚಿಂತೆಯಾಗಿ ಹೊಡೆದುಹಾಕಬಹುದಾದ ಹೆಸರಿನವ,
ಶಿವಪುತ್ರಪ್ಪ ಹಳಿಂಗಳಿ
ಪುಣೆ