ಪೂಜೆಗೆ ಮುಂಚಿನ ಗುಳಿಗೆ

ಇಂಡಿ
೧೯ ಆಗಸ್ಟ್ ೧೯೭೭

ಪ್ರೀತಿಯ ಅವ್ವನಿಗೆ ನಿನ್ನ ಇಂದ್ರಾಳ ಶರಣು.

ನಿನ್ನ ಪತ್ರ ಮುಟ್ಟಿತು. ಅತ್ತೆಯ ನಡುಕ ಕೂಸಿಗೂ ಹತ್ತೀತು, ಎತ್ತಿಕೊಂಡು ಮುದ್ದೇಬಿಹಾಳಕ್ಕೆ ಬಂದುಬಿಡು ಎಂದು ಬರೆದಿದ್ದೀ. ಅದು ಹತ್ತುವ ರೋಗವಲ್ಲವ್ವ. ಮಿದುಳಿನಲ್ಲಿ ಇರಬೇಕಾದ ಒಂದು ವಸ್ತು ಕಡಿಮೆಯಾಗಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಅಷ್ಟೇ. ಅದನ್ನು ತುಂಬಿಕೊಡುವ ಗುಳಿಗೆ ಈಗ ಬಂದಿದೆಯೆಂದು ಸೊಲ್ಲಾಪುರದ ಡಾಕ್ಟರರು ಚಿತ್ರ ಬರೆದು ತಿಳಿಸಿದರು. ನಾನು ಬಿ.ಎಸ್ಸಿ. ಓದಿದ್ದು ಅಂದು ಉಪಯೋಗಕ್ಕೆ ಬಂತು.

ಬೆಳಿಗ್ಗೆ ಎದ್ದ ಕೂಡಲೇ ನುಂಗಬೇಕು. ಆದರೆ ಅತ್ತೆ ಲಿಂಗಪೂಜೆ ಮುಗಿಯುವ ತನಕ ಗುಟುಕು ನೀರೂ ಮುಟ್ಟುವವರಲ್ಲ. ಹಾಗಾಗಿ ಗುಳಿಗೆ ಪೂಜೆಯಾದ ಮೇಲೆ, ಪೂಜೆ ನಡುಗುವ ಅಂಗೈಯ ಮೇಲೆ. ಸೋಮವಾರ ಲಿಂಗ ಜಾರಿ ನೆಲಕ್ಕೆ ಬಿತ್ತು. ಅಂದಿನಿಂದ ಊಟ, ಗುಳಿಗೆ ಎರಡೂ ಬಿಟ್ಟರು. "ಶಿವನ್ನ ಹಿಡ್ಯಾಕ ಆಗದ ಕೈಲೆ ನಾ ಏನ ಉಣ್ಣಲಿ?" ಎಂದರು.

"ಗುಳಿಗಿ ಊಟ ಅಲ್ಲ ಯವ್ವಾ, ಮೊದಲ ನುಂಗು" ಎಂದು ನಿನ್ನ ಅಳಿಯ ಬೇಡಿಕೊಂಡರು.

"ಹೊಟ್ಟಿಗಿ ಅದೆಲ್ಲಾ ತಿಳಿತೈತೇನೋ? ನಿನ್ನ ಡಾಕ್ಟರ ಲಿಂಗ ಕಟ್ಯಾನೇನು?" ಎಂದು ಅವರ ಬಾಯಿ ಮುಚ್ಚಿಸಿದರು.

ಬುಧವಾರ ತಡೆಯಲಾರದೆ ನಾನೇ ಎದುರು ಕುಳಿತು ಅವರ ಅಂಗೈ ಕೆಳಗೆ ನನ್ನ ಎರಡೂ ಅಂಗೈ ಇಟ್ಟೆ. ಲಿಂಗ ನಿಂತಿತು. ಪೂಜೆ ಮುಗಿಸಿ ನಾಲ್ಕು ತುತ್ತು ಉಂಡರು.

ನಿನ್ನೆಯೂ ಹಾಗೆಯೇ ಕುಳಿತಿದ್ದಾಗ ಒಳಗೆ ಕೂಸು ಚಿಟ್ಟನೆ ಚೀರಿತು. ಅದು ಕೆಮ್ಮಿದರೂ ಎದ್ದು ಕೂರುವವಳು ನಾನು. ಕೈ ತೆಗೆದರೆ ಲಿಂಗ, ತೆಗೆಯದಿದ್ದರೆ ಕೂಸು. ಅತ್ತೆಗಿಂತ ಹೆಚ್ಚು ನನ್ನ ಕೈಯೇ ನಡುಗತೊಡಗಿತು. ಅವರು ಕಣ್ಣು ತೆರೆದರು.

"ಏಳಬೇ ಹುಚ್ಚಿ, ಕೂಸಿನ ಗಂಟಲಾ ಹರಿಯಾಕತ್ತೈತಿ." ಲಿಂಗವನ್ನು ವಸ್ತ್ರದಲ್ಲಿ ಸುತ್ತಿಟ್ಟರು. "ಬರೂವಾಗ ಆ ಗುಳಿಗಿ ತಾ. ಶಿವಗ ನಾ ಹೇಳ್ಕೋತೇನಿ."

ಗುಳಿಗೆ ನುಂಗಿ, ತಾಸು ಬಿಟ್ಟು, ಒಬ್ಬರೇ ಪೂಜೆಗೆ ಕುಳಿತರು. ಹಾಲೂಡಿಸುತ್ತಾ ಬಾಗಿಲಲ್ಲಿ ನಿಂತು ನೋಡಿದೆ. ಅಂಗೈ ಅಲುಗಲಿಲ್ಲ. ಇವತ್ತೂ ಅಷ್ಟೇ.

ಕೂಸನ್ನು ಈಗ ಕರೆತರಲಾರೆ. ಸಿಟ್ಟಾಗಬೇಡ.

ನಿನ್ನ ಮಗಳು
ಇಂದ್ರಾ

ತಾ.ಕ.: ಕೂಸು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಈ ಗುಳಿಗೆಯ ಗುಣ ಕೆಲವು ವರ್ಷಗಳ ಮೇಲೆ ತಗ್ಗುತ್ತದಂತೆ. ಡಾಕ್ಟರರು ನನ್ನೊಬ್ಬಳಿಗೇ ಹೇಳಿದ್ದಾರೆ. ಮನೆಯಲ್ಲಿ ನಾನು ಬಾಯಿ ಬಿಟ್ಟಿಲ್ಲ. ಅಷ್ಟು ಹೊತ್ತಿಗೆ ಕೂಸು ಸಾಲಿಗೆ ಹೋಗುತ್ತಿರುತ್ತದೆ. ನನ್ನ ಕೈಗಳು ಬಿಡುವಾಗಿರುತ್ತವೆ.