‘ಮೆತ್ತಗಿನ ಊಟ’ ಎಂದು ಹೇಳಿ ಕೈತೊಳೆದುಕೊಂಡವರಿಗೆ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಅನ್ನನಾಳದ ಶಸ್ತ್ರಚಿಕಿತ್ಸೆಯನ್ನು ಸೊಗಸಾಗಿ ಮುಗಿಸಿ, ಆಮೇಲೆ ಎರಡೇ ಪದಗಳಲ್ಲಿ ರೋಗಿಯನ್ನು ಮತ್ತೆ ಸಾವಿನ ಬಾಯಿಗೆ ತಳ್ಳಿದ ನಿಮ್ಮ ಸಂಸ್ಥೆಗೆ ಅಭಿನಂದನೆಗಳು. ಆ ಪದಗಳು ‘ಮೆತ್ತಗಿನ ಊಟ’.

ರೋಗಿ ನನ್ನ ಭಾವ ಮೂರ್ತಪ್ಪ, ಯಲ್ಲದಕೆರೆಯಲ್ಲಿ ಕುರಿ ಸಾಕಿಕೊಂಡಿರುವವರು. ಅನ್ನನಾಳದ ಗಡ್ಡೆ ತೆಗೆದು, ಹೊಲಿಗೆ ಹಾಕಿ ಮನೆಗೆ ಕಳಿಸಿದಿರಿ. ಹೊರಡುವಾಗ ನಿಮ್ಮ ಕಿರಿಯ ವೈದ್ಯರು ಮೊಬೈಲಿನಿಂದ ಕಣ್ಣೆತ್ತದೆ, ಮೆತ್ತಗಿನ ಊಟ ಕೊಡಿ, ಅಗಿಯುವಂಥದ್ದು ಬೇಡ ಎಂದು ನನ್ನಕ್ಕ ರಂಗಕ್ಕನಿಗೆ ಹೇಳಿದರು. ಅಕ್ಕ ಅಕ್ಷರಶಃ ಪಾಲಿಸಿದಳು. ರೊಟ್ಟಿ ಕೊಡಲಿಲ್ಲ, ಅನ್ನವನ್ನೂ ಕೊಡಲಿಲ್ಲ. ಎಂದಿಗಿಂತ ಮೆತ್ತಗೆ ತಿರುವಿ, ತುಪ್ಪ ಸವರಿ, ರಾಗಿ ಮುದ್ದೆ ಕೊಟ್ಟಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಬೇಕಾದರೂ ಕೇಳಿ ನೋಡಿ, ಹಲ್ಲಿಗೆ ಕೆಲಸವಿಲ್ಲದ ಊಟವೆಂದರೆ ಮುದ್ದೆಯೇ. ಅದನ್ನು ನಾವು ಅಗಿಯುವುದಿಲ್ಲ ಸ್ವಾಮಿ, ನುಂಗುತ್ತೇವೆ. ಇದೇ ಜನರಿಗೆ ಅನ್ನನಾಳ ಹೊಲಿಯುವ ನಿಮಗೆ ಅದರೊಳಗೆ ಏನು ಇಳಿಯುತ್ತದೆಂದು ತಿಳಿಯುವ ಕುತೂಹಲವೂ ಹುಟ್ಟಲಿಲ್ಲವೇ?

ಆ ತುತ್ತು ಹೊಲಿಗೆಯ ಬಳಿ ಸಿಕ್ಕಿಕೊಂಡಿತು. ಉಂಡ ಮೇಲೆ ಅಂಗಾತ ಮಲಗಬಾರದು, ನೆಟ್ಟಗೆ ಕೂರಬೇಕು ಎಂದೂ ಯಾರೂ ಹೇಳಿರಲಿಲ್ಲ. ಎದೆ ಹಿಡಿದಂತಾಗಿ ಭಾವ ಮಲಗಿದರು. ವಾಂತಿ ಬಂದು ಶ್ವಾಸಕೋಶಕ್ಕೆ ಇಳಿಯಿತು. ಈಗ ನಿಮ್ಮದೇ ತೀವ್ರ ನಿಗಾ ಘಟಕದಲ್ಲಿ ಜೀವ ಹಿಡಿದುಕೊಂಡಿದ್ದಾರೆ.

ನಿಮ್ಮ ಹಿರಿಯ ವೈದ್ಯರು ಎಲ್ಲರೆದುರು ಅಕ್ಕನನ್ನು ಗದರಿದರು. ಮುದ್ದೆ ಕೊಡುವಷ್ಟು ದಡ್ಡರೇ ನೀವು ಎಂದು ಕೇಳಿದರು.

“ಮೆತ್ತಗಿರಾದು ಕೊಡು ಅಂದ್ರಿ. ಅದ್ಕಿಂತ ಮೆತ್ತಗಿರಾದು ನಮ್ಮನೇಲಿ ಇನ್ನೇನೈತೆ ಸ್ವಾಮಿ?” ಎಂದಳು ಅಕ್ಕ.

ಅಷ್ಟು ಪದವಿಗಳಿರುವ ಆ ಮಹನೀಯರು ಪಕ್ಕದ ರೋಗಿಯ ಕಡೆ ನಡೆದುಬಿಟ್ಟರು. ಮುದ್ದೆ ಬೇಡ, ತೆಳ್ಳನೆ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸಿ ಎನ್ನಲು ಯಾವ ವಿದೇಶಿ ಯಂತ್ರ ತರಿಸಬೇಕಿತ್ತು? ಅಥವಾ ಮುದ್ದೆ ಎಂಬ ಪದ ಬಾಯಿಗೆ ಬಂದರೆ ನಿಮ್ಮ ಘನತೆಗೆ ಕುಂದೇ?

ಇನ್ನು ಮುಂದೆ ರೋಗಿಯನ್ನು ಮನೆಗೆ ಕಳಿಸುವ ಮೊದಲು, ಅಡುಗೆ ಮಾಡುವವರನ್ನು ಕೂರಿಸಿಕೊಂಡು ಮನೆಯಲ್ಲಿ ಏನು ಬೇಯಿಸುತ್ತೀರಿ ಎಂದು ಕೇಳಿ. ಏನು ಕೊಡಬೇಕು, ಏನು ಕೊಡಬಾರದು ಎಂದು ಅವರ ಊಟದ ಹೆಸರು ಹಿಡಿದೇ ಹೇಳಿ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಬೇಕು. ಭಾವನಿಗೆ ಎಚ್ಚರವಾಗಿದೆ, ಕಣ್ಣಲ್ಲೇ ಹೆಂಡತಿಯನ್ನು ಹುಡುಕುತ್ತಿದ್ದಾರೆ. ಅವಳು ಹೊರಗಿನ ಬೆಂಚಿನಿಂದ ಏಳುತ್ತಿಲ್ಲ. “ನನ್ ಕೈಯಾರೆ ಉಣ್ಸಿದೀನಿ, ಯಾವ ಮುಖ ಇಟ್ಕಂಡು ಹೋಗ್ಲಿ” ಅನ್ನುತ್ತಾಳೆ. ನಾನು ಹೇಳಿದರೆ ನಂಬುವುದಿಲ್ಲ. ನೀವು ಬನ್ನಿ. ತಪ್ಪು ನಮ್ಮದಮ್ಮ ಎಂದು ಹೇಳಿ, ನೀವೇ ಅವಳನ್ನು ಒಳಗೆ ಕರೆದುಕೊಂಡು ಹೋಗಿ.

ಇಂತಿ,
ನೀವು ಬರುವುದಿಲ್ಲವೆಂದು ಗೊತ್ತಿದ್ದೂ ಬಾಗಿಲ ಕಡೆ ನೋಡುತ್ತಿರುವ
ಹೇಮಾವತಿ, ಹಿರಿಯೂರು